ಬೋರ್ಡು ಹೋಯ್ತು, ಮಂಡಲ ಹೋಯ್ತು, ಬೈಂದೂರು ಜಿ.ಪಂ. ಕ್ಷೇತ್ರ ಎಲ್ಲಿ ಹೋಯ್ತು?

ಬೈಂದೂರು: ಪೇಟೆಯ ಅಂಗಡಿಯೊಂದರ ಎದುರು ನಿಂತು "ನಿಮ್ಮ ಜಿಲ್ಲಾ ಪಂಚಾಯತ್ ಮೆಂಬರ್ ಯಾರು ಮಾರ್ರೆ?" ಅಂತ ಕೇಳಿದರೆ ಸಿಗುವ ಉತ್ತರ ಒಂದೇ. ಮೊದಲು ಇದ್ದವರ ಹೆಸರು ಹೇಳ್ತಾರೆ, ಆಮೇಲೆ "ಈಗ ಯಾರೂ ಇಲ್ಲ ಅಲ್ದಾ?" ಅಂತ ತಿರುಗಿ ಕೇಳ್ತಾರೆ. ಶಾಸಕರು ಯಾರು, ಸಂಸದರು ಯಾರು ಎಂಬುದು ಎಲ್ಲರಿಗೂ ಗೊತ್ತು. ನಡುವೆ ಇದ್ದ ಜಿಲ್ಲಾ ಪಂಚಾಯತ್ ಕ್ಷೇತ್ರ ಮಾತ್ರ ಜನರ ಬಾಯಲ್ಲಿ ಹಳೆ ಮಾತಾಗಿದೆ.

ಬೈಂದೂರು ಜಿ.ಪಂ. ಕ್ಷೇತ್ರಕ್ಕೆ ಕೊನೆಯ ಮತದಾನ ನಡೆದದ್ದು 2016ರ ಫೆಬ್ರವರಿಯಲ್ಲಿ. ಆಗ ಇದು ಕುಂದಾಪುರ ತಾಲೂಕಿನ ಕ್ಷೇತ್ರ. ಇಂದು ಆ ಗಡಿಯೂ ಇಲ್ಲ, ಆ ತಾಲೂಕಿನ ಹೆಸರೂ ಈ ಊರಿಗೆ ಇಲ್ಲ. ಪೇಟೆ ಭಾಗವಂತೂ ಪಂಚಾಯತ್ ರಾಜ್ ವ್ಯವಸ್ಥೆಯಿಂದಲೇ ಹೊರಗೆ ಬಂದು ಪಟ್ಟಣ ಪಂಚಾಯತ್ ಸೇರಿದೆ.

ಹೀಗೆ ಆದದ್ದು ಇದೇ ಮೊದಲಲ್ಲ. ಕರಾವಳಿಯ ಈ ಮೂಲೆಯಲ್ಲಿ ತಾಲೂಕು ಬೋರ್ಡು, ಮಂಡಲ, ಜಿಲ್ಲಾ ಪರಿಷತ್ತು, ಜಿಲ್ಲಾ ಪಂಚಾಯತ್ ಎಂದು ಒಂದೊಂದು ಕಾಲಕ್ಕೆ ಒಂದೊಂದು ಹೆಸರಲ್ಲಿ ಜನ ಓಟು ಹಾಕಿದ್ದಾರೆ. ಹಳೆ ಹೆಸರು ಹೋಗಿ ಹೊಸದು ಬರುವ ನಡುವೆ ಒಂದೊಂದು ಖಾಲಿ ಕಾಲ ಇದೆ. ಕ್ಷೇತ್ರ ಯಾಕೆ ಮಾಯವಾಗುತ್ತದೆ, ಅದರಿಂದ ಯಾರಿಗೆ ಏನು ನಷ್ಟ ಎಂದು ತಿಳಿಯಬೇಕಾದರೆ ಈ ಕತೆಯನ್ನು ಮೊದಲಿಂದ ನೋಡಬೇಕು.

ಮದ್ರಾಸಿನ ಕಾಲದ ಬೋರ್ಡು

1956ರ ನವೆಂಬರ್ 1ರ ಮೊದಲು ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹಾಗಾಗಿ ಇಲ್ಲಿನ ಸ್ಥಳೀಯಾಡಳಿತದ ಬೇರು ಮೈಸೂರಿನದ್ದಲ್ಲ, ಮದ್ರಾಸಿನದ್ದು. 1884ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯ್ದೆಯಡಿ ಜಿಲ್ಲೆಗೆ ಜಿಲ್ಲಾ ಬೋರ್ಡು, ಅದರ ಕೆಳಗೆ ತಾಲೂಕು ಬೋರ್ಡುಗಳು ಬಂದವು. ರಸ್ತೆ, ಸೇತುವೆ, ತಂಗುದಾಣ, ಆಸ್ಪತ್ರೆ, ಶಾಲೆ ಇವುಗಳ ಕೆಲಸ.

1920ರಲ್ಲಿ ಹೊಸ ಕಾಯ್ದೆ ಬಂದು ಚುನಾಯಿತರ ಪಾಲು ಹೆಚ್ಚಿತು. ಆದರೆ ಓಟು ಎಲ್ಲರಿಗೂ ಇರಲಿಲ್ಲ. ತೀರ್ವೆ ಕಟ್ಟುವವರು, ತೆರಿಗೆ ಕಟ್ಟುವಷ್ಟು ಆಸ್ತಿ ಇದ್ದವರು ಮಾತ್ರ ಮತದಾರರು. ಗೇಣಿ ಒಕ್ಕಲು, ಕೂಲಿಯವರು, ಮೀನುಗಾರರಲ್ಲಿ ಹೆಚ್ಚಿನವರು ಈ ಲೆಕ್ಕದಿಂದ ಹೊರಗೇ ಉಳಿದರು. 1934ರಲ್ಲಿ ಮದ್ರಾಸ್ ಸರಕಾರ ತಾಲೂಕು ಬೋರ್ಡುಗಳನ್ನೇ ರದ್ದು ಮಾಡಿತು. ಕೆಲಸವೆಲ್ಲ ಜಿಲ್ಲಾ ಬೋರ್ಡಿಗೆ ಹೋಯಿತು, ಅಂದರೆ ಮಂಗಳೂರಿಗೆ.

ಬೋರ್ಡು ಹೋದರೂ ಹೆಸರು ಹೋಗಲಿಲ್ಲ. ಕುಂದಾಪುರದಲ್ಲಿ, ಉಡುಪಿಯಲ್ಲಿ ಇವತ್ತಿಗೂ ಹಿರಿಯರು "ಬೋರ್ಡ್ ಹೈಸ್ಕೂಲ್" ಅಂತಲೇ ಹೇಳೋದು. ಅದು ಜಿಲ್ಲಾ ಬೋರ್ಡು ನಡೆಸಿದ ಶಾಲೆ ಎಂಬ ನೆನಪು ಆ ಎರಡು ಪದದಲ್ಲಿ ಉಳಿದಿದೆ.

1959: ತಾಲೂಕು ಬೋರ್ಡು ಮತ್ತೆ ಬಂತು

ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆ ಮೈಸೂರು ಹೀಗೆ ಐದು ಕಡೆಯ ಐದು ತರಹದ ಪದ್ಧತಿಗಳನ್ನು ಒಂದು ಮಾಡಲು 1959ರಲ್ಲಿ ಮೈಸೂರು ಗ್ರಾಮ ಪಂಚಾಯತ್ ಮತ್ತು ಸ್ಥಳೀಯ ಬೋರ್ಡುಗಳ ಕಾಯ್ದೆ ಬಂತು.

ಕೆಳಗೆ ಗ್ರಾಮ ಪಂಚಾಯತ್, ನಡುವೆ ತಾಲೂಕು ಅಭಿವೃದ್ಧಿ ಬೋರ್ಡು, ಮೇಲೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಇವುಗಳಲ್ಲಿ ಗಟ್ಟಿ ಇದ್ದದ್ದು ನಡುವಿನದ್ದು. ತಾಲೂಕು ಬೋರ್ಡಿಗೆ ಜನ ನೇರವಾಗಿ ಓಟು ಹಾಕುತ್ತಿದ್ದರು. ತಾಲೂಕಿನ ಜನಸಂಖ್ಯೆ ನೋಡಿ 15ರಿಂದ 19 ಸದಸ್ಯರು. ಈಗ ಓಟಿಗೆ ತೀರ್ವೆಯ ಷರತ್ತಿಲ್ಲ, ವಯಸ್ಸಿಗೆ ಬಂದ ಎಲ್ಲರೂ ಮತದಾರರು. ಜಿಲ್ಲಾ ಪರಿಷತ್ತು ಮಾತ್ರ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಸಲಹೆ ಕೊಡುವ ಸಭೆ ಆಗಿತ್ತು, ಚುನಾವಣೆ ಇಲ್ಲ.

ಆ ಕಾಲದಲ್ಲಿ ಬೈಂದೂರಿನವರಿಗೆ "ಕ್ಷೇತ್ರ" ಅಂದರೆ ಕುಂದಾಪುರ ತಾಲೂಕು ಬೋರ್ಡಿನ ಕ್ಷೇತ್ರ. ಆಫೀಸು ಇದ್ದದ್ದು ಕುಂದಾಪುರದಲ್ಲಿ, ಸುಮಾರು 35 ಕಿ.ಮೀ. ದೂರ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಮೇಲೆ ವಾಪಸ್ ಬರಬಹುದಾದ ದೂರ.

ಈ ಬೋರ್ಡುಗಳಿಗೆ ಕೊನೆಯ ಚುನಾವಣೆ ನಡೆದದ್ದು 1978ರಲ್ಲಿ. ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆ ಆಗಲಿಲ್ಲ. "ಹೊಸ ಕಾಯ್ದೆ ಬರ್ತಾ ಉಂಟು" ಎಂಬುದು ಆಗಿನ ಕಾರಣ. ಹೊಸ ಕಾಯ್ದೆಯಡಿ ಮತ ಹಾಕಿದ್ದು 1987ರಲ್ಲಿ. ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಒಂಬತ್ತು ವರ್ಷ. ಇದು ಮೊದಲ ದೊಡ್ಡ ಖಾಲಿ ಕಾಲ.

1987: ಮಂಡಲ ಮತ್ತು ಜಿಲ್ಲಾ ಪರಿಷತ್ತು

ಆ ಹೊಸ ಕಾಯ್ದೆ ಸಣ್ಣದ್ದಾಗಿರಲಿಲ್ಲ. ರಾಮಕೃಷ್ಣ ಹೆಗಡೆ ಸರಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದೆ ಇದ್ದವರು. ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ "ನೀರ್ ಸಾಬ್" ಎಂದೇ ಹೆಸರಾದ ಅವರು 1983ರಲ್ಲಿ ಮಸೂದೆ ತಂದರು. ರಾಷ್ಟ್ರಪತಿಗಳ ಒಪ್ಪಿಗೆ ಸಿಗುವಾಗ 1985 ಆಗಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಏಪ್ರಿಲ್ 1ಕ್ಕೆ ಹೊಸ ಸಂಸ್ಥೆಗಳು ಕೆಲಸ ಶುರು ಮಾಡಿದವು.

ಲೆಕ್ಕ ಹೀಗಿತ್ತು. ಸುಮಾರು 8,000ದಿಂದ 12,000 ಜನಸಂಖ್ಯೆಗೆ ಒಂದು ಮಂಡಲ ಪಂಚಾಯತ್. ಅದರಲ್ಲಿ 500 ಜನರಿಗೆ ಒಬ್ಬ ಸದಸ್ಯ, ಮುಖ್ಯಸ್ಥನಿಗೆ "ಪ್ರಧಾನ" ಎಂಬ ಹೆಸರು. ಜಿಲ್ಲಾ ಪರಿಷತ್ತಿಗೆ 28,000 ಜನರಿಗೆ ಒಬ್ಬ ಸದಸ್ಯ. ಆಗ ರಾಜ್ಯದಲ್ಲಿ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಸುಮಾರು 2,500 ಮಂಡಲ. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲು. ದೇಶದ ಬೇರೆ ಕಡೆ ಸಂವಿಧಾನ ತಿದ್ದುಪಡಿ ಆದ ಮೇಲೆ ಬಂದ ಮಹಿಳಾ ಮೀಸಲಾತಿ ಇಲ್ಲಿ ಆರೇಳು ವರ್ಷ ಮೊದಲೇ ಬಂದಿತ್ತು.

ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಗೂಟದ ಕಾರು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಕೃಷಿ, ಪಶುವೈದ್ಯ ಹೀಗೆ ಹಳ್ಳಿಗೆ ಬೇಕಾದ ಇಲಾಖೆಗಳೆಲ್ಲ ಪರಿಷತ್ತಿನ ಅಡಿಗೆ ಬಂದವು. ಸದಸ್ಯನೊಬ್ಬ ಶಾಲೆಗೆ ಹೋಗಿ ಹಾಜರಿ ಪುಸ್ತಕ ನೋಡಿದರೆ ಅದಕ್ಕೆ ಬೆಲೆ ಇತ್ತು. ಶಿಕ್ಷಕರ, ಆರೋಗ್ಯ ಸಿಬ್ಬಂದಿಯ ಗೈರುಹಾಜರಿ ಆ ವರ್ಷಗಳಲ್ಲಿ ಕಡಿಮೆಯಾಯಿತು ಎಂದು ಆ ಕಾಲದ ಬಗ್ಗೆ ಬಂದ ಅಧ್ಯಯನಗಳೂ ಹೇಳಿವೆ.

ಕೊರತೆಯೂ ಇತ್ತು. ತಾಲೂಕು ಮಟ್ಟದಲ್ಲಿ ನೇರ ಚುನಾವಣೆ ಹೋಗಿ, ಶಾಸಕರ ಅಧ್ಯಕ್ಷತೆಯ ತಾಲೂಕು ಪಂಚಾಯತ್ ಸಮಿತಿ ಬಂತು. ಬೈಂದೂರು ಕಡೆಯವರಿಗೆ ಇದರಿಂದ ಕೇಂದ್ರವೇ ದೂರವಾಯಿತು. ಮೊದಲು ಬೋರ್ಡಿನ ಕೆಲಸಕ್ಕೆ ಕುಂದಾಪುರ ಸಾಕಿತ್ತು. ಈಗ ಅಧಿಕಾರ ಇದ್ದದ್ದು ಅವಿಭಜಿತ ದಕ್ಷಿಣ ಕನ್ನಡದ ಜಿಲ್ಲಾ ಪರಿಷತ್ತಿನಲ್ಲಿ, ಅಂದರೆ 120 ಕಿ.ಮೀ.ಗೂ ದೂರದ ಮಂಗಳೂರಿನಲ್ಲಿ. ಆ ದೂರ ತುಂಬಿಸುತ್ತಿದ್ದದ್ದು ಕ್ಷೇತ್ರದ ಸದಸ್ಯ. ಅರ್ಜಿ ಹಿಡಿದು ಜನ ಮಂಗಳೂರಿಗೆ ಹೋಗುವ ಬದಲು, ಸದಸ್ಯನ ಮನೆಗೆ ಹೋದರೆ ಆಯಿತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಈ ಸಂಸ್ಥೆಗಳ ಐದು ವರ್ಷದ ಅವಧಿ 1992ರ ಆರಂಭಕ್ಕೆ ಮುಗಿಯಿತು. ಅಷ್ಟರಲ್ಲಿ ರಾಜ್ಯದಲ್ಲಿ ಸರಕಾರ ಬದಲಾಗಿತ್ತು. ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಮಂಡಲ ಪಂಚಾಯತ್‌ಗೆ ಜೀವನದಲ್ಲಿ ನಡೆದದ್ದು ಒಂದೇ ಒಂದು ಚುನಾವಣೆ. ಹಳೆ ಕಡತದಲ್ಲಿ, ಮನೆತೆರಿಗೆ ರಶೀದಿಯಲ್ಲಿ, ಅಂಗಡಿ ಲೈಸೆನ್ಸಿನಲ್ಲಿ "ಮಂಡಲ ಪಂಚಾಯತ್" ಎಂಬ ಮೊಹರು ಕಂಡರೆ ಅದು 1987ರ ನಂತರದ ಆ ಕೆಲವೇ ವರ್ಷಗಳದ್ದು ಎಂದು ತಿಳಿಯಬಹುದು.

1995: ಜಿ.ಪಂ. ಕ್ಷೇತ್ರ ಹುಟ್ಟಿದ್ದು ಹೀಗೆ

1993ರ ಏಪ್ರಿಲ್ 24ಕ್ಕೆ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಅದೇ ವರ್ಷ ಮೇ 10ಕ್ಕೆ ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆ. ಮಂಡಲ ಹೋಗಿ ಗ್ರಾಮ ಪಂಚಾಯತ್, ಸಮಿತಿ ಹೋಗಿ ನೇರ ಚುನಾವಣೆಯ ತಾಲೂಕು ಪಂಚಾಯತ್, ಪರಿಷತ್ತು ಹೋಗಿ ಜಿಲ್ಲಾ ಪಂಚಾಯತ್. ಗ್ರಾಮ ಪಂಚಾಯತ್‌ಗೆ 1993ರ ಡಿಸೆಂಬರ್‌ನಲ್ಲಿ, ತಾ.ಪಂ. ಮತ್ತು ಜಿ.ಪಂ.ಗೆ 1995ರ ಮಾರ್ಚ್‌ನಲ್ಲಿ ಮೊದಲ ಚುನಾವಣೆ. ಜಿಲ್ಲಾ ಮಟ್ಟದಲ್ಲಿ 1987ರಿಂದ 1995ಕ್ಕೆ ಎಂಟು ವರ್ಷ. ಇದು ಎರಡನೇ ಖಾಲಿ ಕಾಲ.

ಲೆಕ್ಕವೂ ಬದಲಾಯಿತು. ಗ್ರಾಮ ಪಂಚಾಯತ್ ಚಿಕ್ಕದಾಯಿತು: 5,000ದಿಂದ 7,000 ಜನಸಂಖ್ಯೆಗೆ ಒಂದು, 400 ಜನರಿಗೆ ಒಬ್ಬ ಸದಸ್ಯ. ತಾ.ಪಂ.ಗೆ 10,000 ಜನರಿಗೆ ಒಬ್ಬ. ಜಿ.ಪಂ. ಕ್ಷೇತ್ರ ಮಾತ್ರ 28,000ದಿಂದ 40,000ಕ್ಕೆ ಏರಿತು. ವಾರ್ಡಿನ ಮೆಂಬರು ಮನೆಗೆ ಹತ್ತಿರ ಬಂದ, ಜಿಲ್ಲೆಯ ಮೆಂಬರು ದೂರ ಹೋದ. ಅಧ್ಯಕ್ಷರ ದರ್ಜೆ, ಅಧಿಕಾರಿಗಳ ಮೇಲಿನ ಹಿಡಿತ ಕೂಡ ಹಿಂದಿನಷ್ಟು ಉಳಿಯಲಿಲ್ಲ.

ಆದರೂ ಈ ವ್ಯವಸ್ಥೆಗೆ ಒಂದು ಬಲ ಇತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು ಎಂದು ಈಗ ಸಂವಿಧಾನವೇ ಹೇಳುತ್ತಿತ್ತು. ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗ ಎಂಬ ಬೇರೆಯೇ ಸಂಸ್ಥೆ ಬಂತು. ಪರಿಣಾಮ ಕಣ್ಣೆದುರಿಗೇ ಇದೆ: 1995, 2000, 2005, 2010, 2016. ಹೆಚ್ಚುಕಮ್ಮಿ ಐದೈದು ವರ್ಷಕ್ಕೆ ಐದು ಚುನಾವಣೆ. ಮದ್ರಾಸಿನ ಕಾಲದಿಂದ ನೋಡಿದರೆ ಈ ಊರು ಕಂಡ ಅತಿ ಶಿಸ್ತಿನ ಇಪ್ಪತ್ತು ವರ್ಷ ಇದು.

ಇದೇ ಅವಧಿಯಲ್ಲಿ ಜಿಲ್ಲೆಯೂ ಹತ್ತಿರ ಬಂತು. 1997ರ ಆಗಸ್ಟ್‌ನಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳು ಸೇರಿ ಉಡುಪಿ ಜಿಲ್ಲೆ ಆಯಿತು. ಮಂಗಳೂರಿಗೆ ಹೋಗಬೇಕಾದವರಿಗೆ ಮಣಿಪಾಲದ ರಜತಾದ್ರಿ ಸಾಕಾಯಿತು. 2010ರ ಚುನಾವಣೆಯ ಹೊತ್ತಿಗೆ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಬಂತು.

2016ರಲ್ಲಿ ಇಡೀ ಉಡುಪಿ ಜಿಲ್ಲೆಗೆ ಇದ್ದದ್ದು 26 ಜಿ.ಪಂ. ಸದಸ್ಯರು. ಅವುಗಳಲ್ಲಿ ಒಂದು ಬೈಂದೂರು ಕ್ಷೇತ್ರ, ಪಕ್ಕದಲ್ಲಿ ಶಿರೂರು ಕ್ಷೇತ್ರ. ಕ್ಷೇತ್ರಕ್ಕೆ ಹೆಸರು ದೊಡ್ಡ ಊರಿನದ್ದು, ಒಳಗೆ ಹಲವು ಗ್ರಾಮ ಪಂಚಾಯತ್‌ಗಳು.

ಮೆಂಬರ್ ಇದ್ದು ಏನು ಮಾಡ್ತಿದ್ದ?

"ಜಿ.ಪಂ. ಮೆಂಬರ್ ಇಲ್ಲದಿದ್ರೆ ನಮಗೇನು?" ಎಂಬ ಪ್ರಶ್ನೆ ಸಹಜ. ಬೀದಿದೀಪ, ಕಸ, ಅಂಗಡಿ ಲೈಸೆನ್ಸ್, ಮನೆತೆರಿಗೆ ಇವೆಲ್ಲ ಗ್ರಾಮ ಪಂಚಾಯತ್ ಕೆಲಸ. ಜಿ.ಪಂ. ಕಣ್ಣಿಗೆ ಕಾಣುವುದಿಲ್ಲ.

ಆದರೆ ಊರಿನ ಪ್ರಾಥಮಿಕ ಶಾಲೆಗೆ ಹೊಸ ಕೊಠಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ, ಅಂಗನವಾಡಿ ಕಟ್ಟಡ, ಪಶು ಆಸ್ಪತ್ರೆ, ಒಂದಕ್ಕಿಂತ ಹೆಚ್ಚು ಗ್ರಾಮಗಳಿಗೆ ನೀರು ಕೊಡುವ ಯೋಜನೆ, ಗ್ರಾಮ ಗ್ರಾಮದ ನಡುವಿನ ರಸ್ತೆ, ಕಾಲುಸಂಕ, ಕಿಂಡಿ ಅಣೆಕಟ್ಟು ಇಂಥವು ಜಿಲ್ಲಾ ಪಂಚಾಯತ್ ಮೂಲಕ ಬರುವ ಕೆಲಸಗಳು. ಒಂದು ಗ್ರಾಮ ಪಂಚಾಯತ್‌ನ ಕೈಗೆ ಮೀರಿದ್ದು, ಶಾಸಕರ ಕಣ್ಣಿಗೆ ಚಿಕ್ಕದಾಗಿ ಕಾಣುವುದು, ಈ ಎರಡರ ನಡುವಿನ ಕೆಲಸ ಜಿ.ಪಂ.ನದ್ದು. ಮಳೆಗಾಲದಲ್ಲಿ ಮಕ್ಕಳು ಹೊಳೆ ದಾಟುವ ಕಾಲುಸಂಕ ಇದಕ್ಕೆ ಒಳ್ಳೆಯ ಉದಾಹರಣೆ.

ಜಿ.ಪಂ.ನಲ್ಲಿ ಸಾಮಾನ್ಯ ಸಭೆಯ ಜತೆಗೆ ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ, ಸಾಮಾಜಿಕ ನ್ಯಾಯ, ಹಣಕಾಸು, ಸಾಮಾನ್ಯ ಹೀಗೆ ಐದು ಸ್ಥಾಯಿ ಸಮಿತಿಗಳಿದ್ದವು. ಸಭೆಯಲ್ಲಿ ಇಲಾಖೆಯ ಅಧಿಕಾರಿ ಎದುರಿಗೆ ಕೂತಿರುತ್ತಿದ್ದರು. "ನನ್ನ ಕ್ಷೇತ್ರದ ಶಾಲೆಗೆ ಮೇಷ್ಟ್ರು ಯಾಕೆ ಇಲ್ಲ?" ಎಂದು ಸದಸ್ಯ ಕೇಳಿದರೆ ಉತ್ತರ ದಾಖಲೆಗೆ ಹೋಗುತ್ತಿತ್ತು, ಮಾರನೇ ದಿನ ಪೇಪರಿಗೂ ಬರುತ್ತಿತ್ತು. ಈಗ ಅದೇ ಸಭೆಯನ್ನು ಅಧಿಕಾರಿಗಳೇ ನಡೆಸುತ್ತಾರೆ. ಕೇಳುವವರೂ ಅವರೇ, ಉತ್ತರ ಕೊಡುವವರೂ ಅವರೇ.

ಕ್ಷೇತ್ರ ಮಾಯವಾದದ್ದು ಹೇಗೆ?

2016ರ ನಂತರ ಮೂರು ಸಂಗತಿ ಒಂದರ ಮೇಲೊಂದು ಬಂದವು.

ಮೊದಲನೆಯದು ಹೊಸ ತಾಲೂಕು. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲೂಕುಗಳ ಘೋಷಣೆ ಆಯಿತು, 2018ರಲ್ಲಿ ಬೈಂದೂರು ಬೇರೆ ತಾಲೂಕಾಯಿತು. ಮೂರು ತಾಲೂಕಿನ ಉಡುಪಿ ಜಿಲ್ಲೆಗೆ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳು ತಾಲೂಕಾದವು. ಜಿ.ಪಂ. ಕ್ಷೇತ್ರಗಳನ್ನು ತಾಲೂಕುವಾರು ಲೆಕ್ಕ ಹಾಕಿ ಗುರುತಿಸುವುದು ಕ್ರಮ. ತಾಲೂಕಿನ ಗೆರೆ ಬದಲಾದರೆ ಕ್ಷೇತ್ರದ ಗೆರೆ ಹಾಗೇ ಉಳಿಯುವುದಿಲ್ಲ. ಕುಂದಾಪುರ ತಾ.ಪಂ.ಗೆಂದು ಓಟು ಹಾಕಿದವರು ಬೈಂದೂರು ತಾಲೂಕಿನವರಾದರು. ಬೈಂದೂರು ತಾಲೂಕು ಎಂಬ ಹೆಸರಲ್ಲಿ ಜನ ನೇರವಾಗಿ ತಾ.ಪಂ.ಗೆ ಓಟು ಹಾಕಿದ್ದು ಮಾತ್ರ ಇನ್ನೂ ಇಲ್ಲ.

ಎರಡನೆಯದು ಪಟ್ಟಣ ಪಂಚಾಯತ್. ಬೈಂದೂರು ಪೇಟೆ, ಸುತ್ತಲಿನ ಯಡ್ತರೆ, ಪಡುವರಿ ಭಾಗ ಸೇರಿಸಿ ಪಟ್ಟಣ ಪಂಚಾಯತ್ ಆಯಿತು. ಪಟ್ಟಣ ಪಂಚಾಯತ್ ನಡೆಯುವುದು 1964ರ ಪುರಸಭೆಗಳ ಕಾಯ್ದೆಯಡಿ, ಪಂಚಾಯತ್ ರಾಜ್ ಕಾಯ್ದೆಯಡಿ ಅಲ್ಲ. ಹಾಗಾಗಿ ಆ ವ್ಯಾಪ್ತಿಯ ಮತದಾರರಿಗೆ ಗ್ರಾಮ ಪಂಚಾಯತ್, ತಾ.ಪಂ., ಜಿ.ಪಂ. ಮೂರಕ್ಕೂ ಓಟು ಇರುವುದಿಲ್ಲ. ಯಾವ ಊರಿನ ಹೆಸರು ಕ್ಷೇತ್ರಕ್ಕೆ ಇತ್ತೋ ಆ ಊರೇ ಕ್ಷೇತ್ರದಿಂದ ಹೊರಗೆ ಬಂತು.

ಕಾಯ್ದೆಯ ಪ್ರಕಾರ ಪಟ್ಟಣ ಪಂಚಾಯತ್ ಆಗಬೇಕಾದರೆ ಜನಸಂಖ್ಯೆ 10,000ದಿಂದ 20,000 ಇರಬೇಕು, ಚದರ ಕಿ.ಮೀ.ಗೆ 400ಕ್ಕೆ ಕಡಿಮೆ ಇಲ್ಲದ ಜನಸಾಂದ್ರತೆ ಇರಬೇಕು, ದುಡಿಯುವವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಮಂದಿ ಕೃಷಿಯಲ್ಲದ ಕೆಲಸದಲ್ಲಿರಬೇಕು. ಈ ಮೂರನೇ ಮಾತೇ ಇಲ್ಲಿ ತಕರಾರಿಗೆ ಮೂಲ. ಗದ್ದೆ, ತೋಟ, ಕಾಡಂಚಿನ ಮನೆಗಳನ್ನೂ ಪಟ್ಟಣ ಅಂದರೆ ಹೇಗೆ ಎಂದು ರೈತರು ಧರಣಿ ಕೂತು ಕೇಳಿದ್ದು ತಾಲೂಕಿನವರಿಗೆ ಹೊಸ ಸುದ್ದಿಯಲ್ಲ. ಪಟ್ಟಣಕ್ಕೆ ಸೇರಿದ ಕೂಡಲೇ ಉದ್ಯೋಗ ಖಾತರಿ ಕೆಲಸ ನಿಲ್ಲುತ್ತದೆ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ ಅರ್ಜಿ 94ಸಿ ಇಂದ 94ಸಿಸಿಗೆ ಹೋಗುತ್ತದೆ. ಅಂಗಡಿಯವರಿಗೆ ಲೈಸೆನ್ಸ್, ಆಸ್ತಿ ತೆರಿಗೆ ಎರಡಕ್ಕೂ ಪುರಸಭೆ ಕಾಯ್ದೆಯ ನಿಯಮ ಬರುತ್ತದೆ, ಖಾತೆ ಇ-ಸ್ವತ್ತಿನಿಂದ ಇ-ಆಸ್ತಿಗೆ ಹೋಗುತ್ತದೆ. ಪೇಟೆಗೆ ಒಳಚರಂಡಿ, ಮಾರ್ಕೆಟ್ ಕಟ್ಟಡ, ನಗರ ಯೋಜನೆಯ ಅನುದಾನ ಸಿಗಬಹುದು ಎಂಬುದು ಇದರ ಲಾಭದ ಬದಿ.

ಆದರೆ ಲಾಭ ನಷ್ಟ ಎರಡನ್ನೂ ತೂಗಿ ನಿರ್ಧರಿಸಲು ಚುನಾಯಿತ ಸಭೆ ಬೇಕು. ಪಟ್ಟಣ ಪಂಚಾಯತ್‌ನ ಮೊದಲ ವರ್ಷಗಳು ಆಡಳಿತಾಧಿಕಾರಿಯ ಕೈಯಲ್ಲೇ ಕಳೆದವು. ಗ್ರಾಮ ಪಂಚಾಯತ್ ಮೆಂಬರ್ ಹೋದ, ಜಿ.ಪಂ. ಮೆಂಬರ್ ಹೋದ, ಪಟ್ಟಣದ ಮೆಂಬರ್ ಬರಲಿಲ್ಲ.

ಮೂರನೆಯದು ರಾಜ್ಯಕ್ಕೆಲ್ಲ ಅನ್ವಯಿಸುವ ಕಾರಣ. 2016ರಲ್ಲಿ ಗೆದ್ದವರ ಅವಧಿ 2021ರ ಏಪ್ರಿಲ್, ಮೇ ಹೊತ್ತಿಗೆ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ಗುರುತಿಸಿ ಮೀಸಲಾತಿಯ ಕರಡು ಪಟ್ಟಿಯನ್ನೂ ಪ್ರಕಟಿಸಿತ್ತು. ಅಷ್ಟರಲ್ಲಿ ಸರಕಾರ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ಗುರುತಿಸುವ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು, ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಆಯೋಗ ಹೈಕೋರ್ಟಿಗೆ ಹೋಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶ ಬೇಕು ಎಂಬ ಸುಪ್ರೀಂ ಕೋರ್ಟ್ ತೀರ್ಪಿನ ಕಾರಣಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಗಿ 2022ರಲ್ಲಿ ವರದಿ ಕೊಟ್ಟಿತು. ವಿಳಂಬಕ್ಕೆ ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಹೊಸ ಕ್ಷೇತ್ರಗಳ ಪಟ್ಟಿ ಬಂತು, ಆದರೆ ಮೀಸಲಾತಿ, ಕೋರ್ಟು ಎಂದು ದಿನಗಳು ಉರುಳಿದವು. ಅವಧಿ ಮುಗಿದು ನಾಲ್ಕು ವರ್ಷ ದಾಟಿದರೂ ಓಟಿನ ದಿನ ಬರಲಿಲ್ಲ.

ಈ ಮಧ್ಯೆ ರಾಜ್ಯದಲ್ಲಿ ಸರಕಾರ ಬದಲಾಯಿತು. ಬಿಜೆಪಿ ಕಾಲದಲ್ಲಿ ಶುರುವಾದ ವಿಳಂಬ ಕಾಂಗ್ರೆಸ್ ಕಾಲದಲ್ಲೂ ಮುಂದುವರಿಯಿತು. 1992ರಲ್ಲಿ ಕೂಡ ಒಂದು ಪಕ್ಷ ಕಟ್ಟಿದ್ದನ್ನು ಇನ್ನೊಂದು ಪಕ್ಷ ಖಾಲಿ ಬಿಟ್ಟಿತ್ತು. ಜಿಲ್ಲೆಯಲ್ಲಿ ಇನ್ನೊಬ್ಬ ಅಧಿಕಾರಸ್ಥ ಇರುವುದು ಬೆಂಗಳೂರಿನವರಿಗೆ, ಕೆಲವೊಮ್ಮೆ ಸ್ಥಳೀಯ ಶಾಸಕರಿಗೂ ಅಷ್ಟೇನೂ ಅವಸರದ ವಿಷಯ ಆಗಿರಲಿಲ್ಲ ಎಂಬುದಕ್ಕೆ ಮೂರು ಖಾಲಿ ಕಾಲಗಳೇ ಸಾಕ್ಷಿ.

ಮೂರು ಖಾಲಿ ಕಾಲ, ಒಂದೇ ಲೆಕ್ಕ

1978ರಿಂದ 1987, ಒಂಬತ್ತು ವರ್ಷ. 1987ರಿಂದ 1995, ಎಂಟು ವರ್ಷ. 2016ರ ನಂತರದ್ದು ಕೂಡ ಒಂಬತ್ತನ್ನು ಮುಟ್ಟಿತು. ಮೊದಲೆರಡು ಸಲ ಸಂವಿಧಾನದ ಕಾವಲು ಇರಲಿಲ್ಲ. ಈ ಸಲ ಇತ್ತು. ಹಳೆಯ ಸಭೆಯ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ ಬಾಕಿ ಇದೆ ಎಂಬುದು ಚುನಾವಣೆ ಮುಂದೂಡಲು ಕಾರಣವಲ್ಲ ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೂ ಆದದ್ದು ಅದೇ.

ಇದರ ಬೆಲೆ ಬರೀ ಓಟಿನದ್ದಲ್ಲ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ಸಿಗಬೇಕಾದರೆ ಚುನಾಯಿತ ಸಂಸ್ಥೆ ಇರಬೇಕು ಎಂಬ ಷರತ್ತಿತ್ತು. ರಾಜ್ಯದಲ್ಲಿ ಈ ಹಣ ನೂರರಲ್ಲಿ 85 ಭಾಗ ಗ್ರಾಮ ಪಂಚಾಯತ್‌ಗೆ, 10 ತಾ.ಪಂ.ಗೆ, 5 ಜಿ.ಪಂ.ಗೆ ಎಂದು ಹಂಚಿಕೆಯಾಗುತ್ತಿತ್ತು. ಪಾಲು ಚಿಕ್ಕದು ಅನ್ನಿಸಬಹುದು, ಆದರೆ ತಾ.ಪಂ., ಜಿ.ಪಂ. ಸದಸ್ಯನ ಮಾತಿಗೆ ಕೆಲಸ ಆಗುತ್ತಿದ್ದದ್ದು ಇಂಥ ಹಣದಿಂದಲೇ. ಅಂಥ ಚಿಕ್ಕ ಕೆಲಸ ಮಾಡಿಸಿಕೊಳ್ಳುವವರು ಕುಂದಾಪುರ, ಉಡುಪಿ ಪೇಟೆಯಲ್ಲಿ ಇರುವುದಿಲ್ಲ. ಗುಡ್ಡದ ಬುಡದ ಮನೆಗಳಲ್ಲಿ, ಹೊಳೆಯಾಚೆ ಇರುತ್ತಾರೆ.

ಜನಸಂಖ್ಯೆಯ ಲೆಕ್ಕದಲ್ಲೂ ಹಳೇ ಪುಸ್ತಕವೇ ಆಧಾರ. 2021ರ ಜನಗಣತಿ ನಡೆಯದ ಕಾರಣ ಕ್ಷೇತ್ರ ಗುರುತಿಸಿದ್ದು 2011ರ ಅಂಕಿಯ ಮೇಲೆ. ಮುಂದೆ ಹೊಸ ಗಣತಿಯ ಅಂಕಿ ಬಂದಾಗ ಗೆರೆಗಳು ಮತ್ತೆ ಬದಲಾಗುವ ಸಾಧ್ಯತೆ ಇದೆ.

ತಾಲೂಕಿನವರು ಗಮನಿಸಬೇಕಾದದ್ದು

ಮನೆ, ಅಂಗಡಿ ಯಾವ ವ್ಯಾಪ್ತಿಯಲ್ಲಿದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಪಟ್ಟಣ ಪಂಚಾಯತ್ ಒಳಗಿದ್ದರೆ ಮುಂದಿನ ಜಿ.ಪಂ., ತಾ.ಪಂ. ಚುನಾವಣೆಯಲ್ಲಿ ನಿಮಗೆ ಓಟು ಬರುವುದಿಲ್ಲ, ಪಟ್ಟಣ ಪಂಚಾಯತ್ ವಾರ್ಡಿನಲ್ಲಿ ಹೆಸರು ಇರಬೇಕು. ಹೊರಗಿದ್ದರೆ ಗ್ರಾಮ, ತಾಲೂಕು, ಜಿಲ್ಲೆ ಮೂರಕ್ಕೂ ಓಟು ಇದೆ. ಅಂಗಡಿ ಪೇಟೆಯಲ್ಲಿದ್ದು ಮನೆ ಹಳ್ಳಿಯಲ್ಲಿದ್ದರೆ ಲೈಸೆನ್ಸ್, ತೆರಿಗೆ ಒಂದು ಕಡೆ, ಓಟು ಇನ್ನೊಂದು ಕಡೆ. ಓಟು ಮನೆ ಇರುವಲ್ಲಿ.

ವಿಧಾನಸಭೆಯ ಬೈಂದೂರು ಕ್ಷೇತ್ರವನ್ನು ಇದರೊಂದಿಗೆ ಬೆರೆಸಬೇಡಿ. ಆ ಕ್ಷೇತ್ರ ಹಾಗೇ ಇದೆ. ಲೋಕಸಭೆಗೆ ಅದು ಶಿವಮೊಗ್ಗದೊಂದಿಗೆ, ಜಿಲ್ಲಾಡಳಿತಕ್ಕೆ ಉಡುಪಿಯೊಂದಿಗೆ. ಜಿ.ಪಂ. ಕ್ಷೇತ್ರ ಮಾತ್ರ ಬೇರೆ ಲೆಕ್ಕ.

ಕ್ಷೇತ್ರದ ಗಡಿ, ವಾರ್ಡಿನ ಗಡಿ, ಮೀಸಲಾತಿ ಯಾವುದೇ ಆದರೂ ಮೊದಲು ಕರಡು ಪಟ್ಟಿ ಬರುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ. ಅದು ಕೆಲವೇ ದಿನ. ಯಾವ ಗ್ರಾಮ ಯಾವ ಕ್ಷೇತ್ರಕ್ಕೆ ಹೋಗಬೇಕು, ಆಫೀಸು ಎಷ್ಟು ದೂರ, ನಡುವೆ ಹೊಳೆ ಇದೆಯಾ, ಬಸ್ಸು ಇದೆಯಾ ಎಂದು ಹೇಳಬೇಕಾದದ್ದು ಆಗಲೇ. ಅಂತಿಮ ಪಟ್ಟಿ ಬಂದ ಮೇಲೆ ಬೈದು ಪ್ರಯೋಜನ ಇಲ್ಲ, ಕೋರ್ಟು ಕೂಡ ಆಮೇಲೆ ಕೈ ಹಾಕುವುದು ಕಡಿಮೆ.

ಹಳೆ ಮಂಡಲ ಪಂಚಾಯತ್, ಗ್ರಾಮ ಪಂಚಾಯತ್ ಕಾಲದ ರಶೀದಿ, ಲೈಸೆನ್ಸ್, ಮನೆ ನಂಬರಿನ ಚೀಟಿ ಇದ್ದರೆ ಎಸೆಯಬೇಡಿ. ಸಂಸ್ಥೆಯ ಹೆಸರು ಹೋದರೂ ಜಾಗ ಯಾವಾಗಿಂದ ಯಾರ ಸ್ವಾಧೀನದಲ್ಲಿದೆ ಎಂದು ತೋರಿಸಲು ಅದೇ ಕಾಗದ ಬೇಕಾಗುತ್ತದೆ. ಖಾತೆ ಬದಲಾವಣೆಗೂ, 94ಸಿಸಿ ಅರ್ಜಿಗೂ ಅದು ಉಪಯೋಗಕ್ಕೆ ಬರಬಹುದು.

ಜಿ.ಪಂ. ಸದಸ್ಯ ಇಲ್ಲದ ಈ ಕಾಲದಲ್ಲಿ ಶಾಲೆ, ಆಸ್ಪತ್ರೆ, ಕಾಲುಸಂಕದ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ತಾ.ಪಂ. ಇಒ ಮತ್ತು ಜಿ.ಪಂ. ಸಿಇಒ ಇಬ್ಬರಿಗೂ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳುವುದು ಒಳ್ಳೆಯದು. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ. ಮೊದಲು ಆ ದಾಖಲೆ ಮಾಡಿಸುತ್ತಿದ್ದದ್ದು ಮೆಂಬರ್. ಮುಂದಿನ ಮೆಂಬರ್ ಬರುವವರೆಗೆ ಅದು ಊರಿನವರದ್ದೇ ಕೆಲಸ.